ಎರಡನೇ ಹಂತದ ಗೋಡೆ

ಮಾರ್ಚ್ 4, 2014. ಬೈಂದೂರು

ಬೆಳಗಿನಿಂದ ಕಂಪ್ಯೂಟರಿನಲ್ಲಿ ಅದೇ ಅಪಾರ್ಟ್‌ಮೆಂಟಿನ ಮಾಡೆಲ್. ಮೂರನೇ ಮಹಡಿ, ಅಡುಗೆಮನೆ, ಕಿಟಕಿ. ಎಷ್ಟು ಹಗಲು ಬೆಳಕು ಒಳಗೆ ಬರುತ್ತದೆ, ಹೊರಗೆ ಏನು ಕಾಣುತ್ತದೆ — ಪರಿಸರಸ್ನೇಹಿ ಕಟ್ಟಡ ಅನ್ನುವ ಗ್ರೀನ್ ಸರ್ಟಿಫಿಕೇಟಿಗೆ ಎರಡೂ ಬೇಕು. ಮಾಡೆಲ್ ಪಾಸ್. ಕಡಲು ಚೆಂದ ಕಾಣುತ್ತದೆ. ಕಾಣದೆ ಏನು, ಪಶ್ಚಿಮಕ್ಕೆ ಎರಡನೇ ಹಂತದ ಕಟ್ಟಡವನ್ನು ಹಾಕಿಯೇ ಇಲ್ಲವಲ್ಲ. ಮುಂದೆ ಬರುವ ಹಂತವನ್ನೂ ಸೇರಿಸುವುದು ಕ್ರಮ. ಬಿಲ್ಡರ್ ಶ್ರೀಕರ ಸರ್‌ಗೆ ಹೇಳಿದೆ.

"ಕಟ್ಟದ ಬಿಲ್ಡಿಂಗ್ ಎಂತಕ್ಕೆ ಮಾರ್ರೆ? ಬಿಟ್ ಹಾಕಿ."

ಬಿಟ್ಟೆ.

ಮಾರ್ಚ್ 7

ಸೈಟಿಗೆ ಉಪ್ಪುಂದದ ಸರೋಜಕ್ಕ ಬಂದಿದ್ದರು. ಮೀನು ಮಾರುವವರು, ಗಂಡನದು ದೋಣಿ. ಕಡಲು ಅವರ ಮನೆಯ ಅಂಗಳದವರೆಗೆ ಕೊರೆದಿದೆಯಂತೆ. ಮೂರನೇ ಮಹಡಿಯ ಅದೇ ಫ್ಲ್ಯಾಟ್ ತಗೊಳ್ಳುವ ಅಂದಾಜು. ಕೈಯಲ್ಲಿ ಬ್ರೋಷರ್... ನನ್ನ ಮಾಡೆಲಿನದ್ದೇ ಚಿತ್ರ.

"ಇಲ್ಲಿಂದ ದೋಣಿ ಕಾಣತ್ತಾ ಮೇಡಮ್? ಭಾರಕ್ಕೆ ತಗ್ಗಿ ಬಂದ್ರೆ ಮೀನ್ ಇತ್ತ್, ತೇಲ್ಕಂಡ್ ಬಂದ್ರೆ ಇಲ್ಲ. ಮನಿಂದ್ಲೇ ಕಂಡ್ರೆ ಬುಟ್ಟಿ ಹಿಡ್ಕಂಡ್ ಮುಂಚೆ ಓಡುಕಾತ್ತ್."

ವ್ಯೂ ಅಂದರೆ ಸಂಜೆ ಚಾ ಕುಡಿಯುತ್ತ ನೋಡುವುದು ಅಂದುಕೊಂಡಿದ್ದೆ. ಇವರಿಗೆ ಅದು ದುಡಿಮೆ.

"ಈಗೇನೋ ಕಾಣುತ್ತದೆ" ಅಂದೆ. ನಾಚಿಕೆಯಾಯಿತು.

ಮಾರ್ಚ್ 15

ಒಂದು ವಾರ ಬರೆದಿಲ್ಲ. ಇವತ್ತು ಎರಡನೇ ಹಂತ ಸೇರಿಸಿ ಮಾಡೆಲ್ ಓಡಿಸಿದೆ. ಕಿಟಕಿ ತುಂಬ ಗೋಡೆ. ಕೆಳಗಿನ ಮನೆಗಳಲ್ಲಿ ಹಗಲೂ ಲೈಟ್ ಹಾಕಬೇಕು. ಫೇಲ್. ಸರ್ ಸ್ಕ್ರೀನ್ ನೋಡಿದರು, ನನ್ನನ್ನೂ ನೋಡಿದರು.

"ಹಳೇದನ್ನೇ ಸೋಮವಾರ ಕಳ್ಸಿ."

ಸರೋಜಕ್ಕನ ಫ್ಲ್ಯಾಟ್ ರಿಜಿಸ್ಟ್ರೇಶನ್ನೂ ಸೋಮವಾರವೇ.

ಮಾರ್ಚ್ 16, ಭಾನುವಾರ ಸಂಜೆ

ಲ್ಯಾಪ್‌ಟಾಪ್ ಹಿಡಿದು ಉಪ್ಪುಂದಕ್ಕೆ ಹೋದೆ. ಮೊದಲು ಕಡಲು, ಆಮೇಲೆ ಗೋಡೆ — ಎರಡೂ ತೋರಿಸಿದೆ. ಸರೋಜಕ್ಕ ಬಯ್ಯಲಿಲ್ಲ. ಗೋಡೆಯ ಮೇಲೆ ಬೆರಳಿಟ್ಟು ಅಂಚಿನವರೆಗೆ ಎಳೆದರು. ಮತ್ತೆ ಅಲ್ಲಿಂದಲೇ ಶ್ರೀಕರ ಸರ್‌ಗೆ ಫೋನ್.

"ಹ್ವಾಯ್ ಸಾರ್, ನಾಳೆ ಬೇಡ. ಎದ್ರಿನ್ ಬಿಲ್ಡಿಂಗ್ ಆಯ್ಲಿ, ನಾ ಕಾಯ್ತೆ. ನಂಗ್ ಮನಿ ಆ ಬಿಲ್ಡಿಂಗಗೇ ಸಾಕ್, ಅಲ್ಲಿಂದ ಕಡ್ಲ್ ಕಾಣತ್ತ್. ನಿಮ್ ಮೇಡಮ್ಮೇ ಮನಿಗ್ ಬಂದ್ ತೋರ್ಸಿದ್ರ್. ಪಾಪ, ಒಳ್ಳೆ ಜನ!"

ನಗು ಬಂತು. ಹೆದರಿಕೆಯೂ ಆಯಿತು. ಫೋನ್ ನನ್ನ ಕೈಗೆ ಕೊಟ್ಟರು. ಸರ್ ಕೂಗಲಿಲ್ಲ. ನಾಳೆ ಲ್ಯಾಪ್‌ಟಾಪ್ ಕೊಟ್ಟು ಹೋಗಿ ಅಂದರು, ಅಷ್ಟೇ.

ಈಗ ರೂಮಿನಲ್ಲಿ. ಕೆಲಸ ಹೋಯಿತು. ಬೇಜಾರಿದೆ, ಇಲ್ಲ ಅಂದರೆ ಸುಳ್ಳು. ಆದರೆ ಸರ್ಟಿಫಿಕೇಟ್ ಕೊಡುವವರಿಗೆ ರಿಪೋರ್ಟ್ ಕಳಿಸುವ ಲಾಗಿನ್ ಇನ್ನೂ ನನ್ನ ಹೆಸರಲ್ಲೇ ಇದೆ. ಫ್ಲ್ಯಾಟ್ ಕೊಳ್ಳುವ ಉಳಿದವರ ಕೈಯಲ್ಲೂ ಅದೇ ಬ್ರೋಷರ್. ಗೋಡೆ ಇರುವ ಮಾಡೆಲ್ ತೆರೆದಿಟ್ಟಿದ್ದೇನೆ. ಮೊಬೈಲ್ ಹೊಡೆದುಕೊಳ್ಳುತ್ತಿದೆ — ಸರ್. ಮೊದಲು ಇದನ್ನು ಕಳಿಸಿ, ಆಮೇಲೆ ಫೋನ್ ಎತ್ತುತ್ತೇನೆ.