ಐದು ಶನಿವಾರಗಳ ಬಣ್ಣ

ಗುಬ್ಬಿ
25-9-1983, ಭಾನುವಾರ

ಯಜಮಾನರಿಗೆ ನಿಮ್ಮ ವನಜ ಮಾಡುವ ನಮಸ್ಕಾರಗಳು.

ಇಲ್ಲಿ ನಾನೂ ಮಗಳೂ ಚೆನ್ನಾಗಿದ್ದೇವೆ. ನಿಮ್ಮ ಆರೋಗ್ಯ ಹೇಗಿದೆ ಎಂದು ಕೇಳುವ ಮುಖ ನನಗಿಲ್ಲ. ಯಾಕೆ ಇಲ್ಲ ಎಂದು ಹೇಳುವುದಕ್ಕೇ ಈ ಕಾಗದ. ಇದನ್ನು ಪೂರ್ತಿ ಓದುವ ತನಕ ಸಕ್ಕರೆ ಕಾಯಿಲೆಯ ಆ ಎರಡು ಮಾತ್ರೆಗಳನ್ನು ಮುಟ್ಟಬೇಡಿ. ಬುಧವಾರ ಇಂಜೆಕ್ಷನ್ ಶುರುಮಾಡಿಸುತ್ತೇನೆ ಎಂದು ಬರೆದಿದ್ದೀರಲ್ಲ, ಅದಂತೂ ಬೇಡವೇ ಬೇಡ.

ನಿನ್ನೆ ಶನಿವಾರ ನಿಮ್ಮ ಬದಲು ನಿಮ್ಮ ಕಾಗದ ಬಂತು. ಕಂಡಕ್ಟರ್ ಬೆಟ್ಟಸ್ವಾಮಿ ಬಸ್ಸು ನಿಲ್ಲಿಸಿ ಮನೆತನಕ ಬಂದು ಕೊಟ್ಟ. "ಸಾರು ಗುರುವಾರ ಡ್ಯಾಮ್ ಏರಿ ಮ್ಯಾಲೆ ಬಿದ್ಬುಟ್ರು ಕಣಮ್ಮಾ, ಈಗೇನಿಲ್ಲ, ಎದ್ದು ಓಡಾಡ್ತಾವ್ರೆ, ಗಾಬ್ರಿ ಆಗ್ಬ್ಯಾಡಿ" ಎಂದ. ಬಾಗಿಲಲ್ಲೇ ನಿಂತು ಕಾಗದ ಒಡೆದೆ. ತಿಂಗಳಿಂದ ಸಕ್ಕರೆ ಇಳಿಯುತ್ತಿಲ್ಲ, ಗಂಗಲಕ್ಷ್ಮಮ್ಮನವರ ಪಥ್ಯ ನಂಬಿ ಕೆಟ್ಟೆ, ಒಂದನೇ ತಾರೀಖಿನಿಂದ ಅವರ ಮನೆಯ ಊಟ ಬಿಡುತ್ತೇನೆ, ಅವರಿಗೆ ಇನ್ನೂ ಹೇಳಿಲ್ಲ, ಗುಬ್ಬಿಗೆ ವರ್ಗ ಕೇಳಿ ಅರ್ಜಿ ಹಾಕುತ್ತೇನೆ, ನಿನ್ನ ಕೈಯೂಟವೇ ನನಗೆ ಸರಿ ಎಂದು ಬರೆದಿದ್ದೀರಿ. ಈ ಮಾತಿಗಾಗಿ ನಾನು ಒಂದು ವರ್ಷ ಕಾದಿದ್ದೆ. ಮೂರು ಸಲ ಓದಿದೆ. ಸುಳ್ಳು ಯಾಕೆ ಹೇಳಲಿ, ನೀವು ಬಿದ್ದ ಸುದ್ದಿಗಿಂತ ಈ ಸಾಲೇ ಮೊದಲು ನನ್ನ ಮನಸ್ಸಿಗೆ ಇಳಿಯಿತು. ಒಳಗೆ ಹೋಗಿ ದೇವರಿಗೆ ತುಪ್ಪದ ದೀಪ ಬೇರೆ ಹಚ್ಚಿದೆ.

ನನ್ನ ಹೊಟ್ಟೆಕಿಚ್ಚಿನ ಕಥೆ ನಿಮಗೆ ಅರ್ಧ ಗೊತ್ತು, ಇನ್ನರ್ಧ ಈಗ ಕೇಳಿ.

ಆಕೆಯ ಹೆಸರು ನಿಮ್ಮ ಬಾಯಲ್ಲಿ ಮೊದಲು ಬಂದದ್ದು ಹೋದ ವರ್ಷ, ನಿಮಗೆ ಕುಣಿಗಲ್ ಕಡೆಯ ಮಾರ್ಕೋನಹಳ್ಳಿ ಡ್ಯಾಮಿನ ಆಫೀಸಿಗೆ ವರ್ಗವಾದ ಹೊಸತರಲ್ಲಿ. ಪಕ್ಕದ ಕ್ವಾರ್ಟರ್ಸಿನವರು, ಗ್ರಾಮಸೇವಕಿ, ಗಂಡ ತೀರಿಹೋಗಿದ್ದಾರೆ, ತಾಯಿ ಜೊತೆಗಿದ್ದಾರೆ, ಅವರ ತಂದೆಗೂ ಇದೇ ಕಾಯಿಲೆ ಇತ್ತಂತೆ, ಪಥ್ಯದ ಅಡುಗೆ ಚೆನ್ನಾಗಿ ಬಲ್ಲರು, ಅಲ್ಲೇ ಊಟಕ್ಕೆ ಗೊತ್ತುಮಾಡಿಕೊಂಡಿದ್ದೇನೆ ಎಂದಿರಿ. ಆಗಲಿ ಎಂದೆ. ವಯಸ್ಸೆಷ್ಟು ಎಂದು ಕೇಳಿದೆ. ನೀವು ಸ್ವಲ್ಪ ಹೊತ್ತು ಯೋಚನೆ ಮಾಡಿ "ಮೂವತ್ತೆಂಟಿರಬೇಕು" ಎಂದಿರಿ. ಯೋಚನೆ ಮಾಡಿದಿರಲ್ಲ, ಅಲ್ಲಿಂದ ಶುರುವಾಯಿತು ನನಗೆ.

ಆಮೇಲೆ ಪ್ರತಿ ಶನಿವಾರ ನಮ್ಮ ಮನೆಯಲ್ಲಿ ಆಕೆಯದೇ ಮಾತು. ಗಂಗಲಕ್ಷ್ಮಮ್ಮನವರು ಹೆಸರುಕಾಳು ಮೊಳಕೆ ಬರಿಸಿ ಸೌತೆಕಾಯಿ ಹೆಚ್ಚಿ ನಿಂಬೆಹಣ್ಣು ಹಿಂಡುತ್ತಾರೆ. ಗಂಗಲಕ್ಷ್ಮಮ್ಮನವರು ಸೋರೆಕಾಯಿ ಪಲ್ಯಕ್ಕೆ ಕಾಯಿತುರಿ ಹಾಕುವುದಿಲ್ಲ, ಆದರೂ ಏನು ರುಚಿ. ಮಜ್ಜಿಗೆಯಲ್ಲಿ ಬೆಣ್ಣೆ ಒಂದು ಚೂರೂ ಇರಬಾರದಂತೆ. ಮುದ್ದೆ ಒಂದೇ, ಅದೂ ಕಿತ್ತಲೆಹಣ್ಣಿನ ಗಾತ್ರ, ಹೊಟ್ಟೆ ತುಂಬುವುದಕ್ಕೆ ಎರಡು ಸೌಟು ಸೊಪ್ಪು. ನಾನು ಇಪ್ಪತ್ತೆರಡು ವರ್ಷ ಬಸ್ಸಾರು ಮಾಡಿ ಸೊಪ್ಪು ಬಡಿಸಿದಾಗ ದನದ ಮೇವು ಎಂದು ತಟ್ಟೆಯ ಅಂಚಿಗೆ ತಳ್ಳುತ್ತಿದ್ದವರು ಯಾರು? ಆಕೆ ಬಡಿಸಿದರೆ ಅದೇ ಸೊಪ್ಪು ಅಮೃತ.

ನೀವು ಹನ್ನೆರಡು ಕೆಜಿ ಇಳಿದಿರಿ. ಯುಗಾದಿ ಕಳೆದ ಮೇಲೆ ದೇವರಾಯನದುರ್ಗಕ್ಕೆ ಹೋದಾಗ ಮೆಟ್ಟಿಲು ಹತ್ತಿ ಮೇಲೆ ನಿಂತು ನನಗಾಗಿ ಕಾದಿರಿ. ಮುಂಚೆ ನಾನು ನಿಮಗಾಗಿ ಕಾಯುತ್ತಿದ್ದೆ. ಪಕ್ಕದ ಮನೆಯ ಕುಲ್ಸುಂ ಬೀ "ಏನ್ರೀ ವನಜಮ್ಮ, ನಿಮ್ಮ ಯಜಮಾನ್ರು ಮದ್ವೆ ಗಂಡಿನ ಥರಾ ಆಗ್ಬಿಟ್ಟವ್ರೆ" ಎಂದು ನಕ್ಕಳು. ನಾನೂ ನಕ್ಕೆ, ಒಳಗೆ ಬಂದು ಪಾತ್ರೆಗಳನ್ನು ಕುಕ್ಕಿದೆ. ಗಂಡ ಚೆನ್ನಾಗಾದರೆ ಹೆಂಡತಿಗೆ ಸಂತೋಷವಾಗಬೇಕು. ನನಗೂ ಆಗುತ್ತಿತ್ತು, ಆದರೆ ಅದರ ಹಿಂದೆಯೇ ಇದು ನನ್ನಿಂದ ಆಗಲಿಲ್ಲವಲ್ಲ ಎಂಬ ಉರಿ ಬರುತ್ತಿತ್ತು.

ಆ ಬೆಲ್ಟಿನ ವಿಚಾರ ಇವತ್ತಿಗೂ ಮರೆತಿಲ್ಲ. ಪ್ಯಾಂಟು ಸಡಿಲವಾಯಿತು ಎಂದು ಬೆಲ್ಟಿಗೆ ಹೊಸ ತೂತು ಬಿದ್ದಿತ್ತು. ಯಾರು ಹಾಕಿದ್ದು ಎಂದರೆ "ಗಂಗಲಕ್ಷ್ಮಮ್ಮನವರು ಮೊಳೆ ಕಾಯಿಸಿ ಹಾಕಿಕೊಟ್ಟರು" ಎಂದು ಸೀದಾ ಹೇಳಿದಿರಿ. ಆಗ ಬೆಲ್ಟು ನಿಮ್ಮ ಸೊಂಟದಲ್ಲಿತ್ತೋ ಕೈಯಲ್ಲಿತ್ತೋ ಎಂದು ನಾನು ಕೇಳಲಿಲ್ಲ. ಕೇಳದೆ ಒಂದು ವಾರ ಅನ್ನ ಸೇರಲಿಲ್ಲ.

ಇದೆಲ್ಲ ತಡೆದುಕೊಳ್ಳುತ್ತಿದ್ದೆನೇನೋ. ತಡೆಯಲಾಗದೆ ಹೋದದ್ದು ಆ ಟ್ಯೂಬಿನ ಬಣ್ಣ. ಟ್ಯೂಬು, ಸ್ಪಿರಿಟ್ ದೀಪ, ನೀಲಿ ಔಷಧಿ ಎಲ್ಲ ಇದ್ದದ್ದು ನಮ್ಮ ಮನೆಯ ಬಚ್ಚಲಲ್ಲೇ. ಶನಿವಾರ ಸಂಜೆ ಬಂದ ಕೂಡಲೇ ಒಂದು ಸಲ, ಸೋಮವಾರ ಬೆಳಿಗ್ಗೆ ಹೊರಡುವ ಮುಂಚೆ ಒಂದು ಸಲ ಮೂತ್ರ ಪರೀಕ್ಷೆ ಮಾಡಿ ನೋಟ್‌ಬುಕ್ಕಿನಲ್ಲಿ ಬಣ್ಣ ಬರೆಯುತ್ತಿದ್ದಿರಿ. ನೀಲಿ ನೀಲಿಯಾಗೇ ಉಳಿದರೆ ಸಕ್ಕರೆ ಇಲ್ಲ, ಹಸಿರಾದರೆ ಸ್ವಲ್ಪ, ಇಟ್ಟಿಗೆ ಕೆಂಪಾದರೆ ತುಂಬ ಎಂದು ನೀವೇ ಹೇಳಿಕೊಟ್ಟದ್ದು. ಅಂದರೆ ಶನಿವಾರ ಆಕೆಯ ಅಡುಗೆಗೆ ಪರೀಕ್ಷೆ, ಸೋಮವಾರ ನನ್ನ ಅಡುಗೆಗೆ. ಶನಿವಾರವೆಲ್ಲ ನೀಲಿ. ಸೋಮವಾರವೆಲ್ಲ ಇಟ್ಟಿಗೆ.

ಅದಕ್ಕೆ ನಾನೇ ಕಾರಣ, ಅದೂ ಗೊತ್ತಿತ್ತು. ನಿಮ್ಮಮ್ಮ ನನ್ನನ್ನು ಅಡುಗೆಮನೆಗೆ ಬಿಟ್ಟುಕೊಂಡ ದಿನವೇ "ನನ್ನ ಮಗನ್ಗೆ ಮೂರು ಮುದ್ದೆಗೆ ಕಮ್ಮಿ ಇಕ್ಬ್ಯಾಡ ಕಣವ್ವ" ಎಂದಿದ್ದರು. ಒಂದೇ ಮುದ್ದೆ ಇಟ್ಟ ತಟ್ಟೆ ನೋಡಿದರೆ ನನಗೆ ಕರುಳು ಕಿತ್ತುಬರುತ್ತಿತ್ತು. ಭಾನುವಾರ ಎರಡನೆಯ ಮುದ್ದೆಯನ್ನು ಸೊಪ್ಪಿನ ಕೆಳಗೆ ಮುಚ್ಚಿಟ್ಟು ಬಡಿಸುತ್ತಿದ್ದೆ. ನೀವೂ ಬಾಯಿ ಮುಚ್ಚಿಕೊಂಡು ತಿನ್ನುತ್ತಿದ್ದಿರಿ. ಅಲ್ಲಿ ಆಕೆಯ ಎದುರು ಸನ್ಯಾಸಿ, ಇಲ್ಲಿ ನನ್ನ ಎದುರು ಮೂರು ಹೊತ್ತು ಹಸಿದವರು. ಆ ತಪ್ಪು ಇಬ್ಬರದೂ.

ಆಗಸ್ಟಿನಲ್ಲಿ ನಿಮ್ಮ ಜೊತೆ ತುಮಕೂರಿನ ಡಾಕ್ಟರ ಹತ್ತಿರ ಬಂದಿದ್ದೆನಲ್ಲ. ಅವರು ನೋಟ್‌ಬುಕ್ಕು ತಿರುವಿ "ನರಸಿಂಹಯ್ಯನವರೇ, ಕುಣಿಗಲ್ ಕಡೆ ಊಟ ನಿಮ್ಗೆ ಚೆನ್ನಾಗಿ ಒಗ್ಗಿದೆ. ಗುಬ್ಬಿಗೆ ಹೋದ್ರೆ ಮಾತ್ರ ಯಾಕ್ರೀ ಇಟ್ಟಿಗೆ ಸುಡ್ತೀರಿ?" ಎಂದರು. ಕಾಂಪೌಂಡರೂ ನಕ್ಕ. ನೀವೂ ನಕ್ಕಿರಿ. ಇಪ್ಪತ್ತೆರಡು ವರ್ಷ ಅಡುಗೆ ಮಾಡಿ ಹಾಕಿದವಳು ಪಕ್ಕದಲ್ಲೇ ಕೂತಿದ್ದಾಳೆ ಎಂದು ಒಬ್ಬರಿಗೂ ಅನ್ನಿಸಲಿಲ್ಲ. ಆ ದಿನ ಮೈಯೆಲ್ಲ ಉರಿದುಹೋಯಿತು.

ಇನ್ನು ಮುಂದೆ ಬರೆಯುವುದನ್ನು ಓದಿ ನನ್ನನ್ನು ಬೈಯಿರಿ, ತವರಿಗೆ ಅಟ್ಟಿ, ಏನಾದರೂ ಮಾಡಿ.

ಆ ವಾರ ಶನಿವಾರ ನೀವು ಮೂತ್ರದ ಬಾಟಲಿಯನ್ನು ಬಚ್ಚಲ ಗೋಡೆಯ ಮೇಲಿಟ್ಟು ದೀಪಕ್ಕೆ ಸ್ಪಿರಿಟ್ ತರಲು ಒಳಗೆ ಹೋದಾಗ ನಾನು ಅದಕ್ಕೆ ಅರ್ಧ ಚಮಚ ಸಕ್ಕರೆ ಹಾಕಿ ಕಲಕಿದೆ. ಕಾಯಿಸಿದಿರಿ. ನೀಲಿಯೇ ಬಂತು. ನನಗೆ ದಿಗಿಲಾಯಿತು, ದೇವರೇ ಆಕೆಯ ಕಡೆ ಇದ್ದಾನೆ ಎನ್ನಿಸಿತು. ಎರಡು ದಿನ ಬಿಟ್ಟು ಮಗಳನ್ನು ಮೆಲ್ಲಗೆ ಕೇಳಿದೆ. ಪಿಯುಸಿಯಲ್ಲಿ ಸೈನ್ಸು ಓದುವ ಹುಡುಗಿ, ಅವಳಿಗೇನು ಗೊತ್ತು ನನ್ನ ಮನಸ್ಸಿನ ವಿಷ. "ಅಡ್ಗೆಮನೆ ಸಕ್ರೆಗೆ ಆ ಔಷ್ಧಿ ಬಣ್ಣ ತಿರುಗಲ್ಲ ಕಣಮ್ಮ, ಗ್ಲೂಕೋಸಿಗೆ ಮಾತ್ರ ತಿರುಗೋದು" ಎಂದಳು. ಅವಳಿಗೆ ಜ್ವರ ಬಂದಾಗ ತಂದಿದ್ದ ಗ್ಲೂಕೋಸ್ ಪುಡಿ ಡಬ್ಬದಲ್ಲಿ ಹಾಗೇ ಇತ್ತು.

ಆಗಸ್ಟ್ ಇಪ್ಪತ್ತರಿಂದ ಮೊನ್ನೆ ಹದಿನೇಳರ ತನಕ ಐದು ಶನಿವಾರ, ಐದು ಸಲವೂ ಒಂದೊಂದು ಚಿಟಿಕೆ. ಆ ಇಟ್ಟಿಗೆ ಕೆಂಪೆಲ್ಲ ನಾನು ಬೆರೆಸಿದ್ದು. ಆಕೆಯ ಊಟದ್ದಲ್ಲ, ನಿಮ್ಮ ಕಾಯಿಲೆಯದೂ ಅಲ್ಲ.

ಮೊದಲ ಸಲ ಕೆಂಪಾದಾಗ ನೀವು ಟ್ಯೂಬನ್ನು ಬೆಳಕಿಗೆ ಹಿಡಿದು ನಿಂತೇ ಇದ್ದಿರಿ. ನಿಮ್ಮ ಮುಖ ನೋಡಿ ಹೇಳಿಬಿಡಬೇಕಿತ್ತು. ಹೇಳಲಿಲ್ಲ, ಕಾಫಿ ಕೊಟ್ಟೆ. ಆ ವಾರದಿಂದಲೇ ನನಗೆ ಹುಮ್ಮಸ್ಸು ಬಂತು. ಮುಚ್ಚಿಟ್ಟ ಮುದ್ದೆ ನಿಲ್ಲಿಸಿದೆ. ನಾನೂ ಹೆಸರುಕಾಳು ಮೊಳಕೆ ಕಟ್ಟಿದೆ, ಹೀರೇಕಾಯಿ, ಬೂದುಗುಂಬಳ, ಹುರುಳಿಕಾಯಿ ಎಂದು ಡಾಕ್ಟರ ಪಟ್ಟಿ ಹಿಡಿದು ಅಡುಗೆ ಮಾಡಿದೆ. ಸೋಮವಾರ ಹಸಿರಾಯಿತು, ಆಮೇಲೆ ನೀಲಿಯೇ ಆಯಿತು. ಅದರಲ್ಲಿ ಮೋಸವಿಲ್ಲ, ಮಗಳ ಮೇಲೆ ಆಣೆ. "ನಿನ್ನ ಕೈಯಲ್ಲೇ ಗುಣ ಇತ್ತಲ್ಲ ಕಣೇ" ಎಂದಿರಿ. ಆ ಒಂದು ಮಾತಿಗೆ ನಾನು ಮುಂದಿನ ಶನಿವಾರಗಳಲ್ಲೂ ಪುಡಿ ಹಾಕಿದೆ.

ನೀವು ಅಲ್ಲಿ ಆ ಒಂದು ಮುದ್ದೆಯನ್ನೂ ಬಿಟ್ಟು ಬರೀ ಕಾಳು ಮಜ್ಜಿಗೆಯಲ್ಲಿ ದಿನ ಕಳೆಯುತ್ತಿದ್ದೀರಿ ಎಂದು ನನಗೆ ಗೊತ್ತಾದದ್ದು ನಿನ್ನೆ, ನಿಮ್ಮ ಕಾಗದದಿಂದ. ಡಾಕ್ಟರು ಕೆಂಪು ಬಣ್ಣ ನೋಡಿ ಒಂದು ಮಾತ್ರೆಯನ್ನು ಎರಡು ಮಾಡಿದ್ದು ಮೊದಲೇ ಗೊತ್ತಿತ್ತು. ಎರಡು ತಾನೇ, ಏನಾಗುತ್ತದೆ ಎಂದುಕೊಂಡಿದ್ದೆ.

ತುಪ್ಪದ ದೀಪ ಹಚ್ಚಿ ಬಂದು ನಿಮ್ಮ ಕಾಗದವನ್ನು ಮಗಳ ಮುಂದೆ ಗಟ್ಟಿಯಾಗಿ ಓದಿದೆ. ನೀವು ಬೆವತು, ಕೈ ನಡುಗಿ, ಮಾತು ತೊದಲಿ ಬಿದ್ದದ್ದು, ಆಕೆ ಓಡಿಬಂದು ನಿಮ್ಮ ಬಾಯಿಗೆ ಬೆಲ್ಲದ ನೀರು ಹಾಕಿದ್ದು, ಸಕ್ಕರೆ ಜಾಸ್ತಿ ಇರುವವನಿಗೆ ಬೆಲ್ಲ ಯಾಕೆ ಕೊಟ್ಟಿರಿ ಎಂದು ಎದ್ದ ಮೇಲೆ ನೀವು ಅವರ ಮೇಲೆ ರೇಗಿದ್ದು. ಮಗಳು ಅಲ್ಲೇ ತಡೆದು "ಬೆಲ್ಲ ಕೊಟ್ಮೇಲೆ ಎದ್ರಾ? ಹಂಗಾದ್ರೆ ಅಪ್ಪಂಗೆ ಸಕ್ರೆ ಜಾಸ್ತಿ ಆಗಿರ್ಲಿಲ್ಲ ಕಣಮ್ಮ, ತೀರಾ ಕಮ್ಮಿ ಆಗಿತ್ತು. ಇಂಥಾದ್ರಲ್ಲಿ ಜೀವ ಹೋಗುತ್ತೆ" ಎಂದಳು. ಅವಳಿಗೆ ಇನ್ನೂ ನಿಜ ಹೇಳಿಲ್ಲ.

ನೀವು ಆ ಏರಿಯ ಮೇಲೆ ಎರಡು ಹೆಜ್ಜೆ ಆಚೆ ಬಿದ್ದಿದ್ದರೆ ನೀರಿಗೆ. ಆಕೆ ನೋಟ್‌ಬುಕ್ಕಿನ ಬಣ್ಣ ನಂಬಿಕೊಂಡು ಸುಮ್ಮನೆ ನಿಂತಿದ್ದರೂ ಮುಗಿಯುತ್ತಿತ್ತು. ತಂದೆಯನ್ನು ನೋಡಿಕೊಂಡವರು, ನಿಮ್ಮ ಬೆವರು ನೋಡಿ ಅರ್ಥಮಾಡಿಕೊಂಡರು. ನಿಮ್ಮನ್ನು ಕೊಲ್ಲುವ ಕೆಲಸ ನಾನು ಮಾಡಿದೆ, ಉಳಿಸುವ ಕೆಲಸ ಆಕೆ ಮಾಡಿದರು. ಬೈಸಿಕೊಂಡದ್ದೂ ಆಕೆಯೇ. ಇದನ್ನು ಬರೆಯುವಾಗಲೂ ನನಗೆ ಹೊಟ್ಟೆ ಉರಿಯುತ್ತಿದೆ. ಉಳಿಸುವುದರಲ್ಲೂ ಆಕೆಯೇ ಮುಂದಾದರಲ್ಲ ಎಂದು. ನನ್ನ ಬುದ್ಧಿ ಇಷ್ಟೇ.

ನಾನೇ ಹೊರಟು ಬರಬಹುದಿತ್ತು. ನಿಮ್ಮ ಮುಖ ಕಂಡರೆ ಮತ್ತೆ ಸುಳ್ಳು ಹೇಳಿಬಿಡುತ್ತೇನೆ, ಅದಕ್ಕೇ ಬರೆದೆ. ಬರೆದು ಕಳಿಸಿದ ಮೇಲೆ ಹಿಂತೆಗೆದುಕೊಳ್ಳುವ ಹಾಗಿಲ್ಲ.

ಇಂಜೆಕ್ಷನ್ ಬೇಡ. ಬುಧವಾರದ ತನಕ ಕಾಯುವುದೂ ಬೇಡ. ನಾಳೆ ಸೋಮವಾರ ಬೆಟ್ಟಸ್ವಾಮಿ ಇದನ್ನು ತಲುಪಿಸಿದ ದಿನವೇ ತುಮಕೂರಿಗೆ ಹೋಗಿ ಡಾಕ್ಟರಿಗೆ ಈ ಕಾಗದ ತೋರಿಸಿ. ಸಂಜೆ ಅವರ ಕ್ಲಿನಿಕ್ಕಿನ ಮುಂದೆ ನಾನು ನೋಟ್‌ಬುಕ್ಕು ಹಿಡಿದುಕೊಂಡು ಕಾದಿರುತ್ತೇನೆ. ಎಲ್ಲರ ಮುಂದೆ ನನ್ನ ಬಾಯಿಂದಲೂ ಹೇಳುತ್ತೇನೆ, ಕಾಂಪೌಂಡರು ನಕ್ಕರೆ ನಗಲಿ. ವರ್ಗದ ಅರ್ಜಿ ಈಗ ಹಾಕಬೇಡಿ. ನನ್ನ ಕೈಯೂಟ ಬೇಕೋ ಬೇಡವೋ ಎಂದು ಇದನ್ನು ಓದಿದ ಮೇಲೆ ತೀರ್ಮಾನ ಮಾಡಿ.

ಇಂತಿ,
ಕ್ಷಮೆ ಕೇಳುವುದಕ್ಕೂ ಹೆದರುತ್ತಿರುವ
ವನಜ

ವಿ.ಸೂ.: ಗಂಗಲಕ್ಷ್ಮಮ್ಮನವರೇ, ಲಕೋಟೆಯ ಮೇಲೆ ನಿಮ್ಮ ಹೆಸರು ಬರೆದದ್ದು ಕೈತಪ್ಪಿನಿಂದಲ್ಲ. ಬೆಟ್ಟಸ್ವಾಮಿಯ ಬಸ್ಸು ಅಲ್ಲಿಗೆ ಬರುವ ಹೊತ್ತಿಗೆ ಅವರು ಡ್ಯಾಮಿನ ಮೇಲಿರುತ್ತಾರೆ, ನೀವು ಮನೆಯಲ್ಲಿರುತ್ತೀರಿ. ಮೊದಲು ನೀವೇ ಓದಬೇಕೆಂದೇ ನಿಮ್ಮ ಮೇಲಿನ ಹೊಟ್ಟೆಯುರಿಯನ್ನೆಲ್ಲ ಅಳಿಸದೆ ಬಿಟ್ಟಿದ್ದೇನೆ. ಅವರೊಬ್ಬರೇ ಇದನ್ನು ಓದಿದರೆ ಸಿಟ್ಟಿಗೆ ಹರಿದು ಬಿಸಾಕಿ, ಎಲ್ಲಿಗೂ ಹೋಗುವುದಿಲ್ಲ ಎಂದು ಹಟ ಹಿಡಿದು ಕೂರುತ್ತಾರೆ. ನನ್ನ ಮಾತು ಕೇಳುವುದಿಲ್ಲ. ನಿಮ್ಮ ಮೇಲೆ ರೇಗಿದ್ದರೂ ನಿಮ್ಮ ಮಾತು ಕೇಳುತ್ತಾರೆ. ಒಂದು ತುತ್ತಾದರೂ ಊಟ ಮಾಡಿಸಿ ಮಧ್ಯಾಹ್ನದ ಬಸ್ಸಿಗೇ ಹೊರಡಿಸಿ, ಅವರೊಬ್ಬರನ್ನೇ ಕಳಿಸಬೇಡಿ, ನೀವೂ ಬನ್ನಿ. ಸೆರಗಿನಲ್ಲಿ ಬೆಲ್ಲ ಕಟ್ಟಿಕೊಳ್ಳಿ. ಬಸ್ಸಿನಲ್ಲಿ ಹೆಂಗಸರ ಸೀಟಿಗೆ ಹೋಗಬೇಡಿ, ನೋಡಿದವರು ಏನಾದರೂ ಅಂದುಕೊಳ್ಳಲಿ, ಅವರ ಪಕ್ಕದಲ್ಲೇ ಕೂತುಕೊಳ್ಳಿ.