ಮೀಸೆರಾಯನ ಅಳತೆ

ಮನೆಯಿಂದ
೧೪ನೇ ತಾರೀಖು, ಶನಿವಾರ ಬೆಳಿಗ್ಗೆ

ನನ್ನ ಪ್ರೀತಿಯ ಟೈಲರಮ್ಮಾ,

ಹೇಗಿದ್ದೀಯ? ಮಂಡಿನೋವು ಕಡಿಮೆಯಾಯಿತೇ? ನಿನ್ನ ಅಕ್ಕನ ಮನೆಯ ಮೆಟ್ಟಿಲು ಬಲು ಕಡಿದು, ಹುಷಾರಾಗಿ ಹತ್ತಿಳಿ. ಕಣ್ಣಿನ ಡಾಕ್ಟರು ದೋಷವೇನೂ ಇಲ್ಲ ಎಂದರಂತೆ, ಷಡ್ಡಕರು ಫೋನಿನಲ್ಲಿ ಹೇಳಿದರು. ಆಮೇಲೆ ನೀನು ಫೋನು ಕಿತ್ತುಕೊಂಡು, "ಕಣ್ಣು ಸರಿ ಇದೆ ಅಂದ್ರೆ ನನ್ನ ತಲೆನೇ ಕೆಟ್ಟಿದೆ ಅಂತಾಯ್ತು. ಇನ್ನು ಕತ್ತರಿ ಮುಟ್ಟಲ್ಲ, ಆ ಮಿಷನ್ನು ಯಾರಿಗಾದ್ರೂ ಕೊಟ್ಬಿಡಿ" ಎಂದೆಯಲ್ಲ, ನಾನು ಫೋನು ಇಟ್ಟುಬಿಟ್ಟೆ. ಅದಕ್ಕೇ ಈ ಕಾಗದ. ಎದುರಿಗೆ ಹೇಳಲು ನನಗೆ ಮುಖವಿಲ್ಲ.

ಮೊದಲು ಮೀಸೆರಾಯನ ಸಮಾಚಾರ ಹೇಳಿಬಿಡುತ್ತೇನೆ (ನೀನು ಮೂತಿ ತಿರುಗಿಸುವುದು ಇಲ್ಲಿಗೇ ಕಾಣುತ್ತಿದೆ). ತಂದಾಗ ಬೆರಳುದ್ದದ ಮೀನು, ಕೆಂಪು ಬಾಲ, ಬೆಕ್ಕಿನಂಥ ಮೀಸೆ. "ತೊಟ್ಟಿ ಎಷ್ಟಿದ್ಯೋ ಅಷ್ಟೇ ಬೆಳೆಯುತ್ತೆ ಸಾರ್" ಎಂದ ಮೀನಂಗಡಿಯವನು. ಊರಿನ ಅಂಗಡಿಗಳ ತಕ್ಕಡಿ, ಅಳತೆಗೋಲು ಪರೀಕ್ಷಿಸಿ ಸರ್ಕಾರದ ಮುದ್ರೆ ಒತ್ತುವ ನಾನು, ಗುಲಗಂಜಿಯಷ್ಟು ವ್ಯತ್ಯಾಸಕ್ಕೂ ಹಾರಾಡುವ ನಾನು, ಅದನ್ನು ಕಣ್ಣುಮುಚ್ಚಿ ನಂಬಿದೆ. ನೀನು ಮಾತ್ರ ಸೂಜಿಗೆ ದಾರ ಪೋಣಿಸುತ್ತಲೇ, "ಯಾವ ಮಗು ತೊಟ್ಟಿಲಿನ ಅಳತೆಗೆ ಬೆಳೆದು ನಿಂತಿದೆಯಂತೆ?" ಎಂದಿದ್ದೆ. ನನಗೆ ಸಿಟ್ಟು ಬಂದಿತ್ತು.

ವರ್ಷದೊಳಗೆ ಅದು ಜೊತೆಗಿದ್ದ ಏಳು ಬಂಗಾರದ ಮೀನುಗಳನ್ನು ನುಂಗಿ, ಏನೂ ಅರಿಯದ ಹಾಗೆ ಮೂಲೆಯಲ್ಲಿ ಮಲಗಿತ್ತು. ಮೂರಡಿ ತೊಟ್ಟಿ ಹೋಗಿ ಐದಡಿಯದು ಬಂತು, ಅದೂ ಹೋಗಿ ಎಂಟಡಿಯದು. ಒಂದೊಂದು ತೊಟ್ಟಿ ಬಂದಾಗಲೂ ನಿನ್ನ ಮಿಷನ್ನು ಒಂದೊಂದು ಹೆಜ್ಜೆ ಸರಿದು ಕೊನೆಗೆ ಬಾಗಿಲ ಸಂದಿ ಸೇರಿತು. ವಾರಕ್ಕೆರಡು ಸಲ ಅರ್ಧ ನೀರು ಬದಲಿಸಬೇಕು. ನೆಲವೆಲ್ಲ ಒದ್ದೆ, ಹೊಲಿಯಲು ಬಂದ ಬಟ್ಟೆಗೆಲ್ಲ ಮೀನಿನ ವಾಸನೆ. ನೀರು ಬಿಸಿ ಮಾಡುವ ಕೊಳವೆಯನ್ನೂ ಬಾಲದಲ್ಲಿ ಬಡಿದು ಒಡೆಯಿತು. ಆದರೂ ತಿಂಗಳಿಗೊಮ್ಮೆ ಅದರ ಉದ್ದ ಅಳೆದು ಕ್ಯಾಲೆಂಡರಿನಲ್ಲಿ ಬರೆಯುವುದೆಂದರೆ ನನಗೆ ಎಲ್ಲಿಲ್ಲದ ಹೆಮ್ಮೆ. ಬಂದವರಿಗೆಲ್ಲ ತೋರಿಸುತ್ತಿದ್ದೆ. ನಿನ್ನ ಹೊಲಿಗೆಯನ್ನು ಯಾರಿಗಾದರೂ ಹಾಗೆ ತೋರಿಸಿದ್ದು ನೆನಪಿಲ್ಲ.

ಈಗ ಅದು ಮೂರಡಿಗೆ ಬಂದಿದೆ, ತೊಟ್ಟಿಯ ಅಗಲ ಎರಡೇ ಅಡಿ. ತಿರುಗಬೇಕಾದರೆ ಮೈಯೆಲ್ಲ ಬಗ್ಗಿಸಬೇಕು. ಗಾಜಿಗೆ ಉಜ್ಜಿ ಉಜ್ಜಿ ಮೂತಿ ಹುಣ್ಣಾಗಿದೆ. ಕೆರೆಗೆ ಬಿಡೋಣವೆಂದರೆ ಅಲ್ಲಿರುವ ಮೀನುಗಳನ್ನೆಲ್ಲ ಮುಗಿಸಿಬಿಡುತ್ತದಂತೆ. ಅಂಗಡಿಯವನು ನನ್ನನ್ನು ಗುರುತೇ ಹಿಡಿಯಲಿಲ್ಲ. ಕೊನೆಗೆ ಮತ್ಸ್ಯಾಲಯದ ಮೇಲ್ವಿಚಾರಕಿಯ ಹತ್ತಿರ ಹೋದೆ. "ನಿಮ್ಮಂಥವರು ವಾರಕ್ಕೊಬ್ಬರು ಬರ್ತಾರೆ, ಎಲ್ರೂ ಪುಟ್ಟದಿತ್ತು ಅಂತಲೇ ಹೇಳ್ತಾರೆ" ಎಂದರು. ಪುಣ್ಯಕ್ಕೆ ಅಲ್ಲಿನ ದೊಡ್ಡ ಕೊಳದಲ್ಲಿ ಜಾಗವಿದೆ, ನಾಳೆ ಬಂದು ಒಯ್ಯುತ್ತಾರೆ.

ಆಸ್ಪತ್ರೆಗೆ ಹೊಲಿದ ನಲವತ್ತು ಕೋಟುಗಳು ಅಳತೆ ತಪ್ಪಿವೆಯೆಂದು ವಾಪಸು ಬಂದ ದಿನದಿಂದ ನೀನು ಸರಿಯಾಗಿ ಊಟ ಮಾಡಿಲ್ಲವೆಂದು ನಿನ್ನ ಅಕ್ಕ ಹೇಳಿದರು. ದಯವಿಟ್ಟು ಹೊತ್ತಿಗೆ ಸರಿಯಾಗಿ ಉಣ್ಣು. ಅಕ್ಕನಿಗೂ ಷಡ್ಡಕರಿಗೂ ನಮಸ್ಕಾರ, ಅವರ ಮೊಮ್ಮಗಳ ಕೆನ್ನೆಗೆ ನನ್ನದೊಂದು ಮುತ್ತು.

ಇಂತಿ, ನಿನ್ನ ಮನೆಯಲ್ಲಿ ಒಬ್ಬನೇ ಇರುವ,
ನಿನ್ನ ಮುದ್ರೆ ಸಾಹೇಬ

ತಾ.ಕ.: ಅಂಚೆ ಡಬ್ಬಿ ತೆಗೆಯುವ ಹೊತ್ತಾಯಿತು, ಇನ್ನು ಸುತ್ತಿ ಬಳಸಿ ಹೇಳಲಾರೆ. ಮೀಸೆರಾಯನನ್ನು ಅಳೆಯುತ್ತಿದ್ದದ್ದು ನಿನ್ನ ಬಟ್ಟೆಯ ಟೇಪಿನಲ್ಲಿ. ಒಂದು ದಿನ ಅದು ತುದಿಯನ್ನು ನುಂಗಿತು. ತೊಟ್ಟಿಗೆ ಕಾಲು ಕೊಟ್ಟು ಎಳೆದೆ. ಒಣಗಿಸಿ, ಸುತ್ತಿ, ಮಿಷನ್ನಿನ ಮೇಲೆ ಇಟ್ಟುಬಿಟ್ಟೆ. ಕೋಟುಗಳು ವಾಪಸು ಬಂದ ದಿನ ಕಚೇರಿಯ ಅಳತೆಗೋಲಿಗೆ ಹಿಡಿದು ನೋಡಿದೆ: ಟೇಪು ಹಿಗ್ಗಿದೆ, ನಲವತ್ತು ಇಂಚಿಗೆ ಒಂದೂವರೆ ಇಂಚು. ನೀನು ಮೈ ಅಳೆದು ಹೊಲಿದ ಬಟ್ಟೆಗಳೆಲ್ಲ ಸರಿಯಾಗಿ ಕೂತವು, ಯಾಕೆಂದರೆ ಅಳೆದದ್ದೂ ಕತ್ತರಿಸಿದ್ದೂ ಒಂದೇ ಟೇಪಿನಲ್ಲಿ. ಆಸ್ಪತ್ರೆಯವರು ಅಳತೆ ಬರೆದು ಕಳುಹಿಸಿದ್ದರು, ಅದಕ್ಕೇ ಅವು ದೊಗಳೆಯಾದವು. ಗೊತ್ತಿದ್ದೂ ಬಾಯಿ ಬಿಡಲಿಲ್ಲ. ಮೀನನ್ನು ಆಚೆ ಹಾಕು ಎನ್ನುತ್ತೀಯ ಎಂಬ ಭಯ. ನಿನ್ನೆ ಆಸ್ಪತ್ರೆಗೆ ಹೋಗಿ ತಪ್ಪು ನನ್ನದೆಂದು ಹೇಳಿ ಬಂದೆ. ಮಿಷನ್ನನ್ನು ಯಾರಿಗೂ ಕೊಟ್ಟಿಲ್ಲ, ಕೊಡುವುದೂ ಇಲ್ಲ. ಅವತ್ತು ನೀನು ವಾಪಸು ಬಂದ ಕೋಟಿಗೆ ಟೇಪು ಹಿಡಿದುಕೊಂಡು ಬಂದು, "ನೋಡ್ರೀ, ಇದು ನಲವತ್ತೇ ಅಲ್ವಾ?" ಎಂದು ಕೇಳಿದೆ. "ವಯಸ್ಸಾಯ್ತು ಕಣೇ, ಬಿಡು" ಎಂದೆ ನಾನು. ನಲವತ್ತೇ ಇತ್ತು. ನೀನು ಸರಿಯಾಗಿಯೇ ಓದಿದ್ದೆ.