ಪ್ಲಗ್ ತೆಗೆದ ಆಯುಧಪೂಜೆ

ನಾಣಿ,

ನೀನು ಹೋಗಿ ಒಂಬತ್ತು ತಿಂಗಳಾಯ್ತು. ಇವತ್ತು ನಿನ್ನ ಮಗಳು ಚಿನ್ಮಯಿ ತಿಪ್ಪಸಂದ್ರಕ್ಕೆ ಬಂದಿದ್ಳು, ನಮ್ಮನೇಲಿ ನೀನು ಬಿಟ್ಟುಹೋದ ಕಾರು ತಗೊಂಡು ಹೋಗೋಕೆ. ಆಸ್ಪತ್ರೇಲಿ ನೀನು ಹೇಳಿದ್ದು ಒಂದೇ ಮಾತು: "ಇದು ಮೊದಮೊದಲ ಎಲೆಕ್ಟ್ರಿಕ್ ಸ್ಪೋರ್ಟ್ಸ್ ಕಾರು ಮಗಾ. ಓಡಿಸದಿದ್ರೂ ಪರವಾಗಿಲ್ಲ, ಪ್ಲಗ್ ಮಾತ್ರ ತೆಗೀಬೇಡ. ಚಾರ್ಜ್ ಪೂರ್ತಿ ಇಳಿದ್ರೆ ಬ್ಯಾಟರಿ ಸತ್ತೇ ಹೋಗುತ್ತೆ."

ಆಯುಧಪೂಜೆ ದಿನ ಮೆಷಿನ್‌ಗಳಿಗೆ ರಜೆ ಅಲ್ವಾ. ಮೂವತ್ತು ವರ್ಷ ಫ್ಯಾಕ್ಟರೀಲಿ ಮಾಡಿದ ಹಾಗೇ ಪ್ಲಗ್ ತೆಗೆದೆ, ಕಾರು ತೊಳೆದೆ, ಕುಂಕುಮ ಇಟ್ಟೆ. ಕವರ್ ಹೊದಿಸಿ ಒಳಗೆ ಹೋದವನು ಮತ್ತೆ ಪ್ಲಗ್ ಹಾಕೋದನ್ನೇ ಮರೆತೆ. ಎರಡು ತಿಂಗಳು ಆ ಕಡೆ ತಿರುಗಿಯೂ ನೋಡ್ಲಿಲ್ಲ, ದೊಡ್ಡ ಭಕ್ತ!

ಬ್ಯಾಟರಿ ಮುಗಿದಿದೆ, ಹೊಸದು ಹಾಕಿಸೋ ದುಡ್ಡಲ್ಲಿ ಇನ್ನೊಂದು ಕಾರೇ ಬರುತ್ತೆ ಅಂದ ಅವಳ ಜೊತೆ ಬಂದಿದ್ದ ಮೆಕ್ಯಾನಿಕ್. ಚಿನ್ಮಯಿ ಬಾನೆಟ್ ಮೇಲಿನ ಕುಂಕುಮ ಮುಟ್ಟಿ, "ಪೂಜೇನೂ ಮಾಡಿದ್ದೀರಾ ಅಂಕಲ್, ಥ್ಯಾಂಕ್ಸ್" ಅಂದ್ಳು. ಆಮೇಲೆ ಮೆಲ್ಲಗೆ ಕೇಳಿದ್ಳು, "ಅಪ್ಪನೇ ಸರಿಯಾಗಿ ನೋಡ್ಕೊಂಡಿರ್ಲಿಲ್ಲ ಅನ್ಸುತ್ತೆ, ಅಲ್ವಾ?"

ನಾನು ಹೂಂ ಅಂದೆ ಕಣೋ.